ಪೋಕ್ಸೋ ಕೇಸು: ಮಗುವಿನ ಪಕ್ಕ ಕೂರುವವರ ಕೆಲಸ ಏನು?

ಬೆಂಚಿನ ಪಕ್ಕ:

ಎರಡು ವಾರದ ಹಿಂದೆ ಇಲ್ಲಿ ಒಬ್ಬರು ‘ಮಗು ಹೇಳಿಬಿಟ್ಟಿದೆ, ಕಂಪ್ಲೇಂಟ್ ಕೊಟ್ಟಾಯ್ತು, ಈಗ ಯಾರೂ ಫೋನ್ ಎತ್ತುತ್ತಿಲ್ಲ’ ಎಂದು ಬರೆದಿದ್ದರು. ಅದಕ್ಕೆ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಆರೋಪಿಗೆ ಏನು ಮಾಡಬೇಕು ಎಂಬುದರ ಬಗ್ಗೆಯೇ ಇದ್ದವು. ಗಲ್ಲಿಗೆ ಹಾಕಬೇಕು, ನಡುರಸ್ತೆಯಲ್ಲಿ ನಿಲ್ಲಿಸಬೇಕು, ಹೀಗೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಮಗು ಸೋಮವಾರ ಸ್ಕೂಲಿಗೆ ಹೋಗಬೇಕಾ ಬೇಡವಾ? ಅದನ್ನು ಯಾರೂ ಕೇಳಲಿಲ್ಲ. ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ.

ನಾನು ಆರು ವರ್ಷದಿಂದ ಪೋಕ್ಸೋ ಕೇಸುಗಳಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ, ಸಪೋರ್ಟ್ ಪರ್ಸನ್. ಕಾಗದದಲ್ಲಿ ‘ಬೆಂಬಲ ವ್ಯಕ್ತಿ’ ಎಂದಿರುತ್ತದೆ, ಕೋರ್ಟಿನಲ್ಲಿ ‘ಆ ಎನ್‌ಜಿಓ ಮೇಡಂ’ ಎನ್ನುತ್ತಾರೆ ಅಷ್ಟೆ. 2020ರ ಪೋಕ್ಸೋ ನಿಯಮಗಳ ಪ್ರಕಾರ ನಮ್ಮನ್ನು ನೇಮಿಸುವುದು ಮಕ್ಕಳ ಕಲ್ಯಾಣ ಸಮಿತಿ, ಮಗು ಮತ್ತು ಪೋಷಕರ ಒಪ್ಪಿಗೆ ಪಡೆದು. ಇಷ್ಟವಾಗದಿದ್ದರೆ ನಮ್ಮನ್ನು ಬಿಡಿಸಲು ಕೇಳಬಹುದು. ಮಗು ಕಾರಣ ಹೇಳಬೇಕಾಗಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಎಷ್ಟೋ ತಿಂಗಳಲ್ಲಿ ಆ ಮಗು ‘ಬೇಡ’ ಎಂದಾಗ ಕೇಳಿಸಿಕೊಳ್ಳುವ ಒಂದೇ ಜಾಗ ಅದಾಗಿರುತ್ತದೆ. ಇಂಥವರು ಸಿಗುತ್ತಾರೆ ಎಂದು ಪ್ರತಿ ಕುಟುಂಬಕ್ಕೂ ತಿಳಿಸಬೇಕೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಾನು ನೋಡುವ ಮನೆಗಳಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತೇ ಇರುವುದಿಲ್ಲ.

ಕೆಲಸ ಏನು ಅಂದರೆ ಮುಖ್ಯವಾಗಿ ಕಾಯುವುದು. ತಮಾಷೆಗೆ ಹೇಳುತ್ತಿಲ್ಲ. ಸ್ಟೇಷನ್ನಿನಲ್ಲಿ, ಆಸ್ಪತ್ರೆಯಲ್ಲಿ, ಕೋರ್ಟಿನ ಹೊರಗಿನ ಬೆಂಚಿನ ಮೇಲೆ. ಕಾಯುವಾಗ ಮಗುವಿಗೆ ಬೇಜಾರಾಗದ ಹಾಗೆ, ಅಮ್ಮ ಕುಸಿಯದ ಹಾಗೆ, ಅಪ್ಪ ಎದ್ದು ಹೋಗಿ ಯಾರಿಗೋ ಹೊಡೆಯದ ಹಾಗೆ ನೋಡಿಕೊಳ್ಳುವುದು. ಚಾರ್ಜ್‌ಶೀಟ್ ಬಿತ್ತಾ, ಆರೋಪಿ ಜಾಮೀನಿಗೆ ಹಾಕಿದ್ದಾನಾ, ಮುಂದಿನ ತಾರೀಖು ಯಾವತ್ತು ಎಂದು ವಿಚಾರಿಸಿ ಮನೆಯವರಿಗೆ ಅವರ ಮಾತಿನಲ್ಲಿ ಹೇಳುವುದು.

ಒಂದು ಹುಡುಗಿಯ ಕತೆ ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರ ಬದಲಿಸಿದ್ದೇನೆ. ಮೊದಲ ಸಲ ಮನೆಗೆ ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ‘ನನ್ನ ನೀಲಿ ಫ್ರಾಕ್ ಯಾವಾಗ ಕೊಡ್ತಾರೆ?’ ಸಾಕ್ಷ್ಯ ಎಂದು ಪೊಲೀಸರು ಕವರಿಗೆ ಹಾಕಿ ಸೀಲ್ ಮಾಡಿ ಒಯ್ದಿದ್ದರು. ಹುಟ್ಟುಹಬ್ಬಕ್ಕೆ ಕೊಡಿಸಿದ್ದಂತೆ, ಎರಡೇ ಸಲ ಹಾಕಿದ್ದಳಂತೆ. ತಪ್ಪು ಮಾಡಿದ್ದು ಅವನು, ಫ್ರಾಕ್ ಹೋಗಿದ್ದು ನಂದು. ಇದು ಅವಳ ಲೆಕ್ಕ. ನಾನು ಹೊಸಬಳು, ‘ಬೇಗ ಕೊಡ್ತಾರೆ ಪುಟ್ಟಾ’ ಎಂದುಬಿಟ್ಟೆ. ಮುಂದಿನ ವಾರ ಹೋದಾಗ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ಬ್ಯಾಗ್ ನೋಡಿದಳು. ಆಮೇಲೆ ಒಳಗೆ ಹೋದಳು. ಅವಳ ನಂಬಿಕೆ ಮತ್ತೆ ಸಂಪಾದಿಸಲು ನನಗೆ ಎರಡು ತಿಂಗಳು ಬೇಕಾಯಿತು. ಕೇಸು ಮುಗಿಯುವ ತನಕ ಅದು ಬರುವುದಿಲ್ಲ, ಬಂದರೂ ನಿನಗೆ ಚಿಕ್ಕದಾಗಿರುತ್ತದೆ ಎಂದು ಮೊದಲ ದಿನವೇ ಹೇಳಬೇಕಿತ್ತು. ಅಳುತ್ತಿದ್ದಳು. ಅತ್ತು ಸುಮ್ಮನಾಗುತ್ತಿದ್ದಳು.

ಕೇಳುವುದಿದ್ದರೆ ಕೇಳಿ. ಗೊತ್ತಿರುವಷ್ಟು ಹೇಳುತ್ತೇನೆ.

ಮೂಲೆಮನೆ:

ಅಕ್ಕಾ, ನೇರವಾಗಿ ಕೇಳಿಬಿಡುತ್ತೇನೆ. ನಮ್ಮ ನಾದಿನಿ ಮಗಳು, ಏಳು ವರ್ಷ, ರಜೆಗೆ ಬಂದಾಗ ನನ್ನ ಹತ್ತಿರ ಒಂದು ವಿಷಯ ಹೇಳಿದಳು. ಮನೆಯವರೇ ಒಬ್ಬರ ಬಗ್ಗೆ. ಅತ್ತೆಯವರಿಗೆ ಹೇಳಿದೆ. ‘ಮಕ್ಕಳು ಏನೇನೋ ಹೇಳ್ತಾವೆ, ನೀನು ಸುಮ್ನಿರು’ ಅಂದರು. ನಾದಿನಿಗೆ ಹೇಳಲು ಧೈರ್ಯ ಬರುತ್ತಿಲ್ಲ. ಮೊದಲು ಕೌನ್ಸಿಲರ್ ಹತ್ತಿರ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಅವರು ಪೊಲೀಸರಿಗೆ ಹೇಳಿಬಿಡುತ್ತಾರಾ? ಮಗುವನ್ನು ಬಾಲಮಂದಿರಕ್ಕೆ ಹಾಕಿಬಿಡುತ್ತಾರೆ ಅಂತ ಬೇರೆ ಹೆದರಿಸುತ್ತಿದ್ದಾರೆ.

ಬೆಂಚಿನ ಪಕ್ಕ:

ತಂಗೀ, ಮೊದಲ ಮಾತು, ಆ ಮಗು ನಿಮ್ಮನ್ನು ಆರಿಸಿಕೊಂಡು ಹೇಳಿದೆ. ನೀವು ಸುಮ್ಮನಾದರೆ ಅದು ಇನ್ನೊಬ್ಬರಿಗೆ ಹೇಳುವುದು ಕಷ್ಟ.

ಹೌದು, ಕೌನ್ಸಿಲರ್ ತಿಳಿಸಲೇಬೇಕು. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆದರೂ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧಿ ಪೊಲೀಸ್ ಘಟಕಕ್ಕೆ (ಹೆಸರು ಹಾಗಿದ್ದರೂ ಮಕ್ಕಳ ಕೇಸುಗಳನ್ನು ನೋಡುವ ಪೊಲೀಸರು ಅವರು) ತಿಳಿಸಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಕೌನ್ಸಿಲರ್, ಡಾಕ್ಟರ್, ಮೇಷ್ಟ್ರು, ನೀವು, ನಿಮ್ಮ ಅತ್ತೆ, ಎಲ್ಲರಿಗೂ ಇದೇ ಕಾನೂನು. ಒಳ್ಳೆಯ ಕೌನ್ಸಿಲರ್ ಇದನ್ನು ಮೊದಲ ಐದು ನಿಮಿಷದಲ್ಲೇ ಹೇಳುತ್ತಾರೆ. ‘ಯಾರಿಗೂ ಹೇಳಲ್ಲ, ಪ್ರಾಮಿಸ್’ ಎಂದು ಮಗುವಿನಿಂದ ಮಾತು ತೆಗೆಸಿ ಆಮೇಲೆ ರಿಪೋರ್ಟ್ ಮಾಡುವವರನ್ನೂ ನೋಡಿದ್ದೇನೆ. ಗುಟ್ಟು ಇಟ್ಟುಕೊಳ್ಳಲು ಕಲಿಸಿದವನು ಒಬ್ಬ, ಗುಟ್ಟು ಎಂದು ಹೇಳಿ ಮುರಿದವರು ಇನ್ನೊಬ್ಬರು ಎಂದಾಗುತ್ತದೆ.

ಬಾಲಮಂದಿರದ ಭಯ ಎಲ್ಲರಿಗೂ ಇದೆ. ನಡೆಯುವುದು ಹೀಗೆ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಆರೋಪಿ ಅದೇ ಮನೆಯಲ್ಲಿದ್ದರೆ ಅಥವಾ ನೋಡಿಕೊಳ್ಳುವವರು ಇಲ್ಲದಿದ್ದರೆ ಮಗುವನ್ನು ಅಲ್ಲಿಂದ ಬೇರೆ ಕಡೆ ಇಡಬೇಕಾ ಎಂದು ಸಮಿತಿ 3 ದಿನದಲ್ಲಿ ನಿರ್ಧರಿಸಬೇಕು. ಆಗ ಮಗುವಿನ ಇಷ್ಟವನ್ನೂ ಕೇಳಬೇಕು. ನಂಬಿಕೆಯ ಸಂಬಂಧಿಕರು ‘ನಾವು ಇಟ್ಟುಕೊಳ್ಳುತ್ತೇವೆ’ ಎಂದು ಮುಂದೆ ಬಂದರೆ ಅದನ್ನೇ ಮೊದಲು ನೋಡುತ್ತಾರೆ. ಇದನ್ನೆಲ್ಲ ಹೇಳುತ್ತಿರುವುದು ಏಕೆಂದರೆ ಆ ಸಂಬಂಧಿ ನೀವೇ ಆಗಬಹುದು.

1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ. ಆದರೆ ಮಗು ಈಗ ಎಲ್ಲಿದೆ? ಆ ವ್ಯಕ್ತಿ ಅದೇ ಮನೆಯಲ್ಲಿ ಇದ್ದಾನಾ? ಅದನ್ನು ಮೊದಲು ಹೇಳಿ.

ಮೂಲೆಮನೆ:

ಮಗು ನಮ್ಮ ಮನೆಯಲ್ಲೇ ಇದೆ, ಇನ್ನು ಹತ್ತು ದಿನ ರಜೆ. ಆ ಮನುಷ್ಯ ಅವರೂರಿನಲ್ಲಿ.

ನಿವೃತ್ತ ಮೇಷ್ಟ್ರು:

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಪೋಕ್ಸೋ ಬರುವ ಮೊದಲಿನ ಮಾತು, ಅಂದರೆ 2012ಕ್ಕಿಂತ ಹಿಂದೆ. ನಾನು ಹೆಡ್‌ಮಾಸ್ಟರ್ ಆಗಿದ್ದೆ. ಆರನೇ ಕ್ಲಾಸಿನ ಹುಡುಗಿ ತನ್ನ ಕ್ಲಾಸ್ ಟೀಚರಿಗೆ ಏನೋ ಹೇಳಿದಳು. ಆ ಟೀಚರ್ ಅಳುತ್ತಾ ನನ್ನ ಹತ್ತಿರ ಬಂದರು. ನಾನು ಮಾಡಿದ್ದೇನು ಗೊತ್ತಾ? ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿದೆ. ನಾಲ್ಕು ಜನ ಟೀಚರ್ ಇದ್ದರು. ‘ಏನಾಯ್ತಮ್ಮ, ಸರಿಯಾಗಿ ಹೇಳು’ ಎಂದೆ. ಹೇಳಿದಳು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬಂದರು, ಅವರ ಮುಂದೆ ಇನ್ನೊಂದು ಸಲ. ಸಂಜೆ ಅವಳ ತಂದೆ ಬಂದರು, ಆಗ ಇನ್ನೊಂದು ಸಲ. ಮೂರನೇ ಸಲಕ್ಕೆ ಅವಳ ಮಾತು ಬೇರೆಯಾಗಿತ್ತು. ‘ಇಲ್ಲ ಸರ್, ಹಾಗೇನೂ ಇಲ್ಲ’ ಎಂದಳು. ನಾವೆಲ್ಲ ಉಸ್ಸಪ್ಪಾ ಎಂದು ಮನೆಗೆ ಹೋದೆವು. ಹುಡುಗಿ ಸುಳ್ಳು ಹೇಳಿದ್ದಾಳೆ ಎಂದುಕೊಂಡೆವು.

ಅವಳು ಮುಂದಿನ ವರ್ಷ ಶಾಲೆಗೆ ಬರಲಿಲ್ಲ.

ಬೆಂಚಿನ ಪಕ್ಕ:

ಮೇಷ್ಟ್ರೇ, ಬರೆದಿದ್ದಕ್ಕೆ ಥ್ಯಾಂಕ್ಸ್. ಈ ಕೇಸುಗಳಲ್ಲಿ ಅರ್ಧ ತೊಂದರೆ ಇರುವುದು ಇಲ್ಲೇ. ಮಗು ಒಂದು ಸಲ ಹೇಳಿದರೆ ಸಾಕು. ಉಳಿದದ್ದನ್ನು ಹೊರುವುದು ದೊಡ್ಡವರ ಕೆಲಸ.

ಹೇಳಿದ್ದನ್ನು ಮಗು ಹಿಂದಕ್ಕೆ ತೆಗೆದುಕೊಳ್ಳುವುದು ಹೊಸದೂ ಅಲ್ಲ, ಸುಳ್ಳಿನ ಗುರುತೂ ಅಲ್ಲ. ರೋಲ್ಯಾಂಡ್ ಸಮಿಟ್ ಎಂಬ ಅಮೆರಿಕದ ಮನೋವೈದ್ಯರು 1983ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಮೊದಲು ಗುಟ್ಟು, ಆಮೇಲೆ ಏನೂ ಮಾಡಲಾಗದ ಸ್ಥಿತಿ, ಅದಕ್ಕೆ ಹೊಂದಿಕೊಳ್ಳುವುದು, ತುಂಬಾ ತಡವಾಗಿ ಅರೆಬರೆ ಹೇಳುವುದು, ಹೇಳಿದ ಮೇಲೆ ಮನೆಯೆಲ್ಲ ಅಲ್ಲೋಲ ಕಲ್ಲೋಲವಾದದ್ದನ್ನು ನೋಡಿ ‘ಹಾಗೇನಿಲ್ಲ’ ಎನ್ನುವುದು. ಮಗುವಿನ ಕಡೆಯಿಂದ ನೋಡಿ. ಹೇಳುವ ಮೊದಲು ಅಮ್ಮ ನಗುತ್ತಿದ್ದಳು, ಹೇಳಿದ ಮೇಲೆ ಅಳುತ್ತಿದ್ದಾಳೆ. ಹಾಗಾದರೆ ತಪ್ಪು ಮಾಡಿದ್ದು ಯಾರು?

ಮೂಲೆಮನೆಯವರೇ, ನಿಮಗೂ ಇದು. ಮತ್ತೆ ಮತ್ತೆ ಕೇಳಬೇಡಿ. ‘ಅವರು ಹೀಗೆ ಮಾಡಿದ್ರಾ?’ ಎಂದು ನಿಮ್ಮ ಮಾತನ್ನು ಅವಳ ಬಾಯಿಗೆ ತುರುಕಬೇಡಿ, ನಾಳೆ ಪಾಟೀ ಸವಾಲಿನಲ್ಲಿ ಅದನ್ನೇ ಹಿಡಿದುಕೊಳ್ಳುತ್ತಾರೆ. ಅವಳು ತಾನಾಗಿ ಶುರು ಮಾಡಿದರೆ ‘ಹೂಂ, ಆಮೇಲೆ?’ ಎಂದಷ್ಟೇ ಹೇಳಿ. ಅವಳು ಬಳಸಿದ ಪದಗಳನ್ನೇ, ತಪ್ಪು ಪದವಾದರೂ ಹಾಗೇ, ಒಂದು ಹಾಳೆಯಲ್ಲಿ ತಾರೀಖು ಹಾಕಿ ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕುವ ಕೆಲಸ ಮಾತ್ರ ಬೇಡ. ನಗಬೇಡಿ, ಮಾಡಿದ್ದಾರೆ. ಮಗುವಿನ ಸ್ವಂತ ಚಿಕ್ಕಪ್ಪ. ಒಳ್ಳೆಯ ಉದ್ದೇಶದಿಂದಲೇ.

ಕಪ್ಪುಕೋಟು:

ವಕೀಲನಾಗಿ ಸ್ವಲ್ಪ ಸೇರಿಸುತ್ತೇನೆ. ಕಾಯ್ದೆ ಕಾಗದದ ಮೇಲೆ ತುಂಬಾ ಚೆನ್ನಾಗಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು, ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ. ರಾತ್ರಿ ಸ್ಟೇಷನ್ನಿನಲ್ಲಿ ಕೂರಿಸುವ ಹಾಗಿಲ್ಲ. ಇವೆಲ್ಲ ಸೆಕ್ಷನ್ 24. ಹುಡುಗಿಯ ವೈದ್ಯಕೀಯ ತಪಾಸಣೆ ಮಹಿಳಾ ಡಾಕ್ಟರೇ ಮಾಡಬೇಕು, ಮಗು ನಂಬುವವರು ಜೊತೆಗಿರಬೇಕು, ಎಫ್‌ಐಆರ್ ಆಗಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಕೋರ್ಟಿನಲ್ಲಿ ಬಾಗಿಲು ಮುಚ್ಚಿ ವಿಚಾರಣೆ. ಆರೋಪಿಯ ಮುಖ ಮಗುವಿಗೆ ಕಾಣಬಾರದು. ವಕೀಲರು ನೇರವಾಗಿ ಪ್ರಶ್ನೆ ಕೇಳುವಂತಿಲ್ಲ, ಜಡ್ಜ್‌ಗೆ ಕೊಟ್ಟು ಜಡ್ಜ್ ಮಗುವನ್ನು ಕೇಳಬೇಕು, ಸೆಕ್ಷನ್ 33(2). ಕೋರ್ಟು ಕೇಸನ್ನು ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ, ಒಂದು ವರ್ಷದಲ್ಲಿ ಕೇಸು ಮುಗಿಯಬೇಕು, ಅದೂ ಸಾಧ್ಯವಾದಷ್ಟು ಮಟ್ಟಿಗೆ.

ಈ ‘ಸಾಧ್ಯವಾದಷ್ಟು ಮಟ್ಟಿಗೆ’ ಎಂಬ ಮಾತಿನೊಳಗೆ ಎಷ್ಟು ಮಕ್ಕಳು ದೊಡ್ಡವರಾಗಿಬಿಟ್ಟರೋ.

ಆದರೆ ಒಂದು ವಿಷಯ. ಕೇಳಿದರೆ ಸಿಗುತ್ತದೆ. ಪರದೆ ಬೇಕು ಎಂದು ಅರ್ಜಿ ಹಾಕಿದರೆ ಜಡ್ಜ್‌ಗಳು ಬೇಡ ಎನ್ನುವುದಿಲ್ಲ. ಮಗುವಿಗೆ ಬ್ರೇಕ್ ಬೇಕು ಎಂದು ಪಕ್ಕದಲ್ಲಿ ಕೂತವರು ಕೈ ಎತ್ತಿದರೆ ಬ್ರೇಕ್ ಸಿಗುತ್ತದೆ. ಕೇಳುವವರೇ ಇರುವುದಿಲ್ಲ, ಅದೇ ಸಮಸ್ಯೆ. ಸರ್ಕಾರಿ ವಕೀಲರ ಮೇಲೆ ಒಂದೇ ದಿನ ಎಷ್ಟೋ ಕೇಸು ಇರುತ್ತವೆ. ಮಗುವಿಗೆ ತನ್ನದೇ ವಕೀಲರನ್ನು ಇಟ್ಟುಕೊಳ್ಳುವ ಹಕ್ಕೂ ಇದೆ, ಸೆಕ್ಷನ್ 40. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡಬೇಕು.

ಬೆಂಚಿನ ಪಕ್ಕ:

ಯೂನಿಫಾರ್ಮ್ ವಿಷಯ ಹೇಳಿದ್ರಲ್ಲ ಸರ್, ಒಂದು ಕೇಸಿನಲ್ಲಿ ಮಫ್ತಿಯಲ್ಲೇ ಬಂದರು, ಆದರೆ ‘ಪೊಲೀಸ್’ ಎಂದು ಬರೆದ ಜೀಪಿನಲ್ಲಿ ಬಂದರು. ಇಡೀ ಬೀದಿ ಹೊರಗೆ ಬಂತು. ಯಾವ ಸ್ಟೇಷನ್ ಎಂದು ಹೇಳುವುದಿಲ್ಲ. ಆ ಮನೆಯವರು ಮೂರು ತಿಂಗಳಲ್ಲಿ ಬಾಡಿಗೆ ಮನೆ ಬಿಟ್ಟರು. ಈಗ ನಾನು ಮೊದಲೇ ಫೋನ್ ಮಾಡಿ ‘ಜೀಪ್ ತಿರುವಿನಲ್ಲಿ ನಿಲ್ಲಿಸಿ, ನಡೆದು ಬನ್ನಿ’ ಎಂದು ಹೇಳುತ್ತೇನೆ. ಬೇಜಾರು ಮಾಡಿಕೊಳ್ಳುವುದಿಲ್ಲ, ಪಾಪ ಬರುತ್ತಾರೆ.

ದುಡ್ಡಿನ ವಿಷಯವನ್ನೂ ಹೇಳಬೇಕು. ಎಷ್ಟೋ ಮನೆಗಳಲ್ಲಿ ದುಡಿಯುವವನೇ ಆರೋಪಿ. ಅವನು ಜೈಲಿಗೆ ಹೋದ ದಿನವೇ ಮನೆಗೆ ದುಡಿಮೆ ನಿಂತಿತು. ಬಾಡಿಗೆ, ರೇಷನ್, ಸ್ಕೂಲ್ ಫೀಸ್. ‘ಅಮ್ಮ ರಾಜಿ ಮಾಡಿಕೊಂಡಳು’ ಎಂದು ಬೈಯುವವರು ಆ ಮನೆಯ ಅಕ್ಕಿ ಡಬ್ಬ ತೆಗೆದು ನೋಡಿರುವುದಿಲ್ಲ. ನಾನೂ ಮೊದಮೊದಲು ಬೈದವಳೇ. 2020ರ ನಿಯಮಗಳಲ್ಲಿ 8ನೆಯದು ಇದಕ್ಕೆಂದೇ ಇದೆ: ಊಟ, ಬಟ್ಟೆ, ಓಡಾಟದ ಖರ್ಚಿನಂಥ ತುರ್ತು ಅಗತ್ಯಕ್ಕೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಶಿಫಾರಸು ಹೋದ ಒಂದು ವಾರದಲ್ಲಿ ದುಡ್ಡು ಕೊಡಬೇಕು. 9ನೇ ನಿಯಮದಲ್ಲಿ ಪರಿಹಾರ. ಕೇಸು ಮುಗಿಯುವ ತನಕ ಕಾಯಬೇಕಿಲ್ಲ, ಎಫ್‌ಐಆರ್ ಆದ ಮೇಲೆ ಯಾವಾಗ ಬೇಕಾದರೂ ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಬಿಡುಗಡೆಯಾದರೂ, ಸಿಕ್ಕದೇ ಹೋದರೂ, ಮಗುವಿಗೆ ಹಾನಿಯಾಗಿದೆ ಎನಿಸಿದರೆ ಕೋರ್ಟು ಪರಿಹಾರ ಕೊಡಿಸಬಹುದು. ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ. ಬರೆದು ಕೊಡಿ, ಸೀಲ್ ಹಾಕಿಸಿಕೊಂಡು ಒಂದು ಕಾಪಿ ಇಟ್ಟುಕೊಳ್ಳಿ. ಬ್ಯಾಂಕ್ ಖಾತೆ ಮಗುವಿನ ಹೆಸರಿನಲ್ಲಿ ಮಾಡಿಸಿಡಿ, ಅದಕ್ಕೇ ಎಷ್ಟೋ ಸಲ ತಿಂಗಳುಗಟ್ಟಲೆ ನಿಲ್ಲುತ್ತದೆ.

ನೇರಮಾತು:

ಎಲ್ಲ ಸರಿ ಮೇಡಂ, ಆದರೆ ಸುಳ್ಳು ಕೇಸುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಡೈವೋರ್ಸ್ ಜಗಳದಲ್ಲಿ ಗಂಡನ ಮೇಲೆ ಪೋಕ್ಸೋ ಹಾಕುವುದು, ಜಮೀನು ತಕರಾರಿಗೆ ಪಕ್ಕದ ಮನೆಯವನ ಮೇಲೆ ಹಾಕುವುದು. ನನ್ನ ಸ್ನೇಹಿತನಿಗೇ ಆಗಿದೆ. ನಿಮ್ಮಂಥವರು ಮಗು ಹೇಳಿದ್ದೆಲ್ಲ ನಿಜ ಎಂದುಕೊಂಡೇ ಶುರು ಮಾಡುತ್ತೀರಿ.

ಕಪ್ಪುಕೋಟು:

ಸುಳ್ಳು ದೂರಿಗೆ ಸೆಕ್ಷನ್ 22 ಇದೆ. ದ್ವೇಷದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೆ ಶಿಕ್ಷೆ. ಮಗುವಿಗೆ ಮಾತ್ರ ಶಿಕ್ಷೆ ಇಲ್ಲ. ಅದು ಸರಿಯಾಗಿಯೇ ಇದೆ.

ಬೆಂಚಿನ ಪಕ್ಕ:

ನೇರಮಾತು ಅವರೇ, ಸುಳ್ಳು ಕೇಸು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ದೊಡ್ಡವರ ಜಗಳಕ್ಕೆ ಮಗುವಿನ ಬಾಯಲ್ಲಿ ಇಂಥ ಮಾತು ಹೇಳಿಸಿದರೆ ಅದೂ ಆ ಮಗುವಿನ ಮೇಲಿನ ದೌರ್ಜನ್ಯವೇ ಅಲ್ವಾ? ಆಗಲೂ ಆ ಮಗುವಿಗೆ ಒಬ್ಬರು ಬೇಕು. ನಿಜವೋ ಸುಳ್ಳೋ ತೀರ್ಮಾನಿಸುವುದು ಕೋರ್ಟು, ನಾನಲ್ಲ. ‘ಹೀಗೆ ಹೇಳು’ ಎಂದು ನಾನು ಮಗುವಿಗೆ ಕಲಿಸಿಕೊಟ್ಟರೆ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಕೋರ್ಟ್ ಹಾಲ್ ಹೇಗಿರುತ್ತದೆ, ಯಾರು ಎಲ್ಲಿ ಕೂರುತ್ತಾರೆ, ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎನ್ನಬಹುದು, ಪ್ರಶ್ನೆ ಅರ್ಥವಾಗದಿದ್ದರೆ ‘ಇನ್ನೊಂದ್ಸಲ ಹೇಳಿ’ ಎನ್ನಬಹುದು. ಇಷ್ಟೇ ನಾನು ಹೇಳಿಕೊಡುವುದು. ಒಬ್ಬ ಹುಡುಗ ಜಡ್ಜ್‌ಗೆ ‘ನೀವು ಸ್ವಲ್ಪ ಜೋರಾಗಿ ಮಾತಾಡಿ, ನಂಗೆ ಕೇಳ್ತಿಲ್ಲ’ ಎಂದ. ಅವರು ನಕ್ಕು ಜೋರಾಗಿ ಕೇಳಿದರು.

ನಿಜವಾದ ತೊಡಕು ಬೇರೆ ಕಡೆ ಇದೆ. ಹದಿನಾರು ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಇಬ್ಬರೂ ಓಡಿಹೋಗಿರುತ್ತಾರೆ. ಅಪ್ಪ ಅಮ್ಮ ಕೇಸು ಹಾಕುತ್ತಾರೆ. ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ಒಪ್ಪಿಗೆಗೆ ಬೆಲೆ ಇಲ್ಲ. ಆ ಹುಡುಗಿಗೆ ಪೊಲೀಸರೂ ಶತ್ರು, ಅಪ್ಪ ಅಮ್ಮನೂ ಶತ್ರು, ನಾನೂ ಶತ್ರು. ಒಬ್ಬಳು ನಾಲ್ಕು ಭೇಟಿಯಲ್ಲೂ ನನ್ನ ಕಡೆ ಬೆನ್ನು ಹಾಕಿ ಕೂತಿದ್ದಳು. ಐದನೆಯ ಸಲ, ಬೆನ್ನು ಹಾಕಿಕೊಂಡೇ, ‘ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಈಗ ಕಟ್ಟಬಹುದಾ?’ ಎಂದು ಕೇಳಿದಳು. ಕಟ್ಟಿಸಿದೆವು. ಆ ಕೇಸಿನ ಬಗ್ಗೆ ನನಗೆ ಅಭಿಪ್ರಾಯ ಇದೆ, ಇಲ್ಲಿ ಬರೆದರೆ ಜಗಳವಾಗುತ್ತದೆ, ಬಿಡಿ.

ಹೆಸರು ಬೇಡ:

ಎಲ್ಲರೂ ಹುಡುಗಿ ಹುಡುಗಿ ಅನ್ನುತ್ತಿದ್ದೀರಿ. ನಾನು ಗಂಡಸು, ಈಗ ನಲವತ್ತು ದಾಟಿದೆ. ಹಾಸ್ಟೆಲ್‌ನಲ್ಲಿ ಆದದ್ದು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಗುತ್ತಿದ್ದರು. ನನಗೆ ಮಗ ಹುಟ್ಟಿದ ಮೇಲೆ ಅವನಿಗೆ ಸ್ನಾನ ಮಾಡಿಸಲು ಕೈ ನಡುಗುತ್ತಿತ್ತು. ಹೆಂಡತಿ ‘ಯಾಕೆ?’ ಎಂದಳು. ಅವತ್ತು ಹೇಳಿದೆ.

ಅವಳು ಏನೂ ಹೇಳಲಿಲ್ಲ. ಮಗುವನ್ನು ಒರೆಸಿ ಮಲಗಿಸಿ ಬಂದು ಪಕ್ಕದಲ್ಲಿ ಕೂತಳು. ಅಷ್ಟೇ.

ಬೆಂಚಿನ ಪಕ್ಕ:

ಸರ್, ನೀವು ಹೇಳಿದ್ದು ಸರಿ, ನನ್ನ ಬರಹದಲ್ಲೂ ಹುಡುಗಿಯರೇ ಜಾಸ್ತಿ ಬಂದಿದ್ದಾರೆ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಒಂದು ವರದಿ ತಂದಿತ್ತು. ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯ ಆಗಿದೆ ಎಂದವರು ಶೇ. 53.22. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು. ಪೋಕ್ಸೋದಲ್ಲಿ ‘ಮಗು’ ಎಂದರೆ ಹುಡುಗನೂ ಹೌದು. ಆದರೂ ನನ್ನ ಹತ್ತಿರ ಬರುವ ಫೈಲುಗಳಲ್ಲಿ ಹುಡುಗರದ್ದು ಬೆರಳೆಣಿಕೆ. ಅವರು ಎಲ್ಲಿ ಹೋದರು ಎಂದು ನೀವು ಹೇಳಿದಿರಿ.

ಮಾತುಗಾತಿ:

ನಾನು ಮಕ್ಕಳ ಕೌನ್ಸಿಲಿಂಗ್ ಮಾಡುತ್ತೇನೆ. ನಮ್ಮ ಕೆಲಸದ ಬಗ್ಗೆ ಇರುವ ದೊಡ್ಡ ತಪ್ಪು ಕಲ್ಪನೆ ಏನು ಅಂದರೆ ನಾವು ಮಗುವಿನಿಂದ ‘ಬಾಯಿ ಬಿಡಿಸುತ್ತೇವೆ’ ಎಂಬುದು. ಪೊಲೀಸರೂ ಹಾಗೇ ಅಂದುಕೊಂಡು ಕಳಿಸುತ್ತಾರೆ. ನನ್ನ ಮೊದಲ ಮೂರ್ನಾಲ್ಕು ಭೇಟಿಯಲ್ಲಿ ಹಾವು ಏಣಿ ಆಟವೇ ಜಾಸ್ತಿ. ನಿದ್ದೆ ಹೇಗೆ ಬರುತ್ತದೆ, ಯಾವ ಶಬ್ದಕ್ಕೆ ಬೆಚ್ಚುತ್ತಾಳೆ, ಎದೆ ಡವಡವ ಎಂದಾಗ ಏನು ಮಾಡುತ್ತಾಳೆ. ಬೆಚ್ಚಿದಾಗ ಉಸಿರು ನಿಧಾನ ಮಾಡುವುದು, ಕಾಲನ್ನು ನೆಲಕ್ಕೆ ಊರಿ ಕೋಣೆಯಲ್ಲಿರುವ ಐದು ವಸ್ತುಗಳ ಹೆಸರು ಹೇಳುವುದು, ಇಂಥವನ್ನು ಮೊದಲು ಕಲಿಸಬೇಕು. ನಡೆದದ್ದರ ಬಗ್ಗೆ ಮಾತು ಬರುವುದು ಆಮೇಲೆ, ಅದೂ ಮಗುವಿನ ಕೈಗೆ ಸ್ಟಿಯರಿಂಗ್ ಬಂದ ಮೇಲೆ. ಇದಕ್ಕೆ ಒಂದು ಪದ್ಧತಿ ಇದೆ, ಆಘಾತ ಕೇಂದ್ರಿತ ಚಿಕಿತ್ಸೆ ಎನ್ನಬಹುದು, ಟಿಎಫ್-ಸಿಬಿಟಿ ಎಂದು ನಾವು ಕರೆಯುತ್ತೇವೆ. ಸಾಮಾನ್ಯವಾಗಿ 12ರಿಂದ 16 ಭೇಟಿ. ಅದರಲ್ಲಿ ಅಪ್ಪ ಅಮ್ಮನಿಗೂ ಬೇರೆಯಾಗಿ ಸಮಯ ಇರುತ್ತದೆ. ಮಗು ಎಷ್ಟು ಚೇತರಿಸಿಕೊಳ್ಳುತ್ತದೆ ಎಂಬುದು ಮನೆಯವರು ನಂಬಿದರಾ, ಜೊತೆಗೆ ನಿಂತರಾ ಎಂಬುದರ ಮೇಲೆ ತುಂಬಾ ನಿಂತಿದೆ.

ಮನೆಯವರು ಪ್ರೀತಿಯಿಂದಲೇ ಮಾಡುವ ಒಂದು ತಪ್ಪು ಹೇಳುತ್ತೇನೆ. ಕೇಸಾದ ಮಾರನೆಯ ದಿನದಿಂದ ಡ್ಯಾನ್ಸ್ ಕ್ಲಾಸ್ ಬಂದ್. ಆಟಕ್ಕೆ ಬಂದ್. ಸ್ಕರ್ಟ್ ಬಂದ್. ಕಾಪಾಡುತ್ತಿದ್ದೇವೆ ಎಂದು ಅವರ ಲೆಕ್ಕ. ಮಗುವಿಗೆ ಇದು ಶಿಕ್ಷೆ. ನಿಮ್ಮ ನೀಲಿ ಫ್ರಾಕಿನ ಹುಡುಗಿಯ ಲೆಕ್ಕವೇ. ಇನ್ನೊಂದು, ‘ಮರೆತುಬಿಡು ಕಂದಾ’ ಎನ್ನುವುದು. ಮರೆ ಎಂದು ದಿನಾ ನೆನಪಿಸಿದ ಹಾಗೆ.

ಮತ್ತೆ ಈ ಚಿತ್ರ ನೋಡಿ ಭವಿಷ್ಯ ಹೇಳುವವರಿಂದ ದೂರ ಇರಿ. ಒಂದು ಹುಡುಗ ಎಲ್ಲವನ್ನೂ ಕಪ್ಪು ಬಣ್ಣದಲ್ಲಿ ಬರೆದಿದ್ದಾನೆ, ಮನಸ್ಸಿನಲ್ಲಿ ಭಯ ತುಂಬಿದೆ ಎಂದು ರಿಪೋರ್ಟ್ ಬರೆದಿದ್ದರು. ನಾನು ಅವನನ್ನೇ ಕೇಳಿದೆ. ಡಬ್ಬದಲ್ಲಿ ಕಪ್ಪು ಕ್ರೇಯಾನ್ ಒಂದೇ ಉಳಿದಿತ್ತಂತೆ.

ನಿವೃತ್ತ ಮೇಷ್ಟ್ರು:

ಸ್ಕೂಲಿಗೆ ಯಾವಾಗ ಕಳಿಸಬೇಕು ಎಂದು ಮೊದಲು ಕೇಳಿದ್ದಿರಿ. ಅದಕ್ಕೆ ಉತ್ತರ ಬರಲಿಲ್ಲ.

ಮಾತುಗಾತಿ:

ಮೇಷ್ಟ್ರೇ, ಆರೋಪಿ ಸ್ಕೂಲಿನವನಲ್ಲದಿದ್ದರೆ, ಮಗುವಿಗೆ ಇಷ್ಟ ಇದ್ದರೆ, ಆದಷ್ಟು ಬೇಗ. ಟೈಮ್‌ಟೇಬಲ್, ಬೆಲ್, ಪಕ್ಕದ ಬೆಂಚಿನ ಸ್ನೇಹಿತೆ, ಇವೂ ಚಿಕಿತ್ಸೆಯೇ. ಆದರೆ ಶಾಲೆಯಲ್ಲಿ ಒಬ್ಬರಿಗೆ ಮಾತ್ರ ಹೇಳಿ, ಎಲ್ಲರಿಗೂ ಬೇಡ. ‘ಇಷ್ಟು ದಿನ ಯಾಕೆ ಬರಲಿಲ್ಲ?’ ಎಂದು ಮಕ್ಕಳು ಕೇಳಿದರೆ ಹೇಳಲು ಒಂದು ಚಿಕ್ಕ ಉತ್ತರವನ್ನು ಮಗುವಿನ ಜೊತೆ ಕೂತು ಮೊದಲೇ ಆರಿಸಿಕೊಳ್ಳಿ. ‘ಊರಿಗೆ ಹೋಗಿದ್ದೆ’ ಸಾಕು.

ಬೆಂಚಿನ ಪಕ್ಕ:

ಟಿಸಿ ತಗೊಂಡು ಹೋಗಿ, ನಮ್ಮ ಹೆಸರು ಕೆಡುತ್ತೆ ಎಂದ ಶಾಲೆಯನ್ನೂ ನೋಡಿದ್ದೇನೆ. ಅಂಥ ಕಡೆ ನಾನು ಒಬ್ಬಳೇ ಹೋಗುವುದಿಲ್ಲ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಧ್ವನಿ ತಾನಾಗಿ ತಗ್ಗುತ್ತದೆ.

ಮೂಲೆಮನೆ:

ಅಕ್ಕಾ, ಫೋನ್ ಮಾಡಿದೆ. ನಿನ್ನೆ ರಾತ್ರಿ ನಾದಿನಿಗೂ ಹೇಳಿದೆ. ಮೊದಲು ನನ್ನ ಮೇಲೆ ಕೂಗಾಡಿದಳು. ಇಟ್ಟುಬಿಟ್ಟಳು. ಒಂದು ಗಂಟೆ ಬಿಟ್ಟು ಅವಳೇ ಮಾಡಿ, ‘ನಂಗೂ ಅನುಮಾನ ಇತ್ತು ಅತ್ತಿಗೆ’ ಅಂದಳು. ಬೆಳಗಿನ ಬಸ್ಸಿಗೆ ಹೊರಟಿದ್ದಾಳೆ. 1098 ಕಡೆಯಿಂದ ಇಬ್ಬರು ನಾಳೆ ಹನ್ನೊಂದಕ್ಕೆ ಬರುತ್ತಾರಂತೆ. ಅತ್ತೆ ಮಾತು ಬಿಟ್ಟಿದ್ದಾರೆ, ಇರಲಿ. ಬರುವವರು ಯಾರು ಅಂತ ಮಗುವಿಗೆ ಏನು ಹೇಳಲಿ?

ಬೆಂಚಿನ ಪಕ್ಕ:

ನಿಜ ಹೇಳಿ. ‘ನೀನು ನಂಗೆ ಹೇಳಿದ್ಯಲ್ಲ, ಅದು ತುಂಬಾ ಮುಖ್ಯವಾದ ವಿಷಯ. ಅದಕ್ಕೇ ಮಕ್ಕಳಿಗೆ ಸಹಾಯ ಮಾಡೋ ಇಬ್ಬರು ಬರ್ತಾರೆ. ನೀನು ಏನೂ ತಪ್ಪು ಮಾಡಿಲ್ಲ. ನಾನು ಇಲ್ಲೇ ಇರ್ತೀನಿ.’ ಇಷ್ಟೇ. ಇವತ್ತು ಸಂಜೆ ಒಂದು ಸಲ ಹೇಳಿ, ನಾಳೆ ಬೆಳಗ್ಗೆ ಇನ್ನೊಂದು ಸಲ. ಅವಳ ಅಮ್ಮ ಬಂದಾಗ ಮೊದಲು ಮಗುವಿನ ಮುಂದೆ ಬಿಡಬೇಡಿ, ಅಡುಗೆಮನೆಯಲ್ಲಿ ಅತ್ತು ಮುಗಿಸಲಿ, ಮುಖ ತೊಳೆದುಕೊಳ್ಳಲಿ, ಆಮೇಲೆ.

‘ಇದಾದ ಮೇಲೆ ಎಲ್ಲ ಸರಿ ಹೋಗುತ್ತಾ?’ ಎಂದು ಮಗು ಕೇಳಿದರೆ ಹೂಂ ಎನ್ನಬೇಡಿ. ನಾನು ಫ್ರಾಕಿನ ವಿಷಯದಲ್ಲಿ ಕಲಿತದ್ದು.

ಮೂಲೆಮನೆ:

ಈಗ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ‘ಅವರು ಬಂದಾಗ ನೀನು ನನ್ನ ಯಾವ ಪಕ್ಕ ಕೂತ್ಕೊತೀಯಾ ಅತ್ತೆ?’ ಅಂತ ಕೇಳಿದಳು.

ಎಡಗಡೆ ಅಂದಿದ್ದೇನೆ. ಬಲಗಡೆ ಅಮ್ಮನಿಗಂತೆ.